ಅಮ್ಮನ ಬಳೆ ಮೊಣಕೈವರೆಗೆ ಜಾರುತ್ತಿತ್ತು

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಾನು ಕೆಲಸ ಮಾಡುವ ವಾರ್ಡಿನಲ್ಲಿ ಎಲ್ಲರೂ ವಯಸ್ಸಾದವರೇ. ಎಪ್ಪತ್ತೈದು ಅಂದರೆ ಅಲ್ಲಿ ಹುಡುಗರ ಲೆಕ್ಕ. ಬೆಂಗಳೂರಿನಿಂದ ನರ್ಸ್ ಆಗಿ ಹೋದ ಹೊಸದರಲ್ಲಿ ನನಗೆ ವಿಚಿತ್ರ ಅನ್ನಿಸಿದ್ದು ಅಲ್ಲಿನ ಮಶೀನುಗಳಲ್ಲ, ಪ್ರಶ್ನೆಗಳು. ಕಾಲು ಮುರಿದುಕೊಂಡು ಬಂದ ಅಜ್ಜಿಯನ್ನು ಕಾಲಿನ ಬಗ್ಗೆ ಕೇಳಿ ಬಿಡುವುದಿಲ್ಲ. ಎರಡು ವಾರದ ಹಿಂದೆ ಅಂಗಡಿಗೆ ಒಬ್ಬರೇ ಹೋಗ್ತಿದ್ರಾ? ಸ್ನಾನಕ್ಕೆ ಯಾರಾದರೂ ಬೇಕಿತ್ತಾ? ಈ ವರ್ಷ ಎಷ್ಟು ಸಲ ಬಿದ್ರಿ? ಮೈ ಎಷ್ಟು ಸೋತಿದೆ ಅಂತ ನೋಡಲು ಒಂದು ಅಳತೆ ಇದೆ. ಕೆನಡಾದ ಡಾಕ್ಟರ್ ಕೆನ್ನೆತ್ ರಾಕ್‌ವುಡ್ ಮತ್ತು ಜೊತೆಗಾರರು 2005ರಲ್ಲಿ ಮಾಡಿದ್ದು. ಈಗ ಬಳಸುವ ರೂಪದಲ್ಲಿ ಒಂದು ಅಂದರೆ ಗಟ್ಟಿಮುಟ್ಟು, ಒಂಬತ್ತು ಅಂದರೆ ಕೊನೆಗಾಲ. ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಆ 'ಎರಡು ವಾರದ ಹಿಂದೆ' ಅನ್ನುವ ಮಾತು. ಹಾಸಿಗೆ ಹಿಡಿದ ದಿನ ನೋಡಿದರೆ ಯಾರಾದರೂ ಸೋತವರಂತೆಯೇ ಕಾಣುತ್ತಾರೆ, ಅಲ್ವಾ?

ಇದನ್ನೆಲ್ಲ ಈಗ ಬರೆಯಲು ಕಾರಣ ಅಮ್ಮ. ಹೋದ ಚಳಿಗಾಲದಲ್ಲಿ ಅಣ್ಣನ ಫೋನ್ ಬಂತು. ಮತ್ತಿಕೆರೆ ಮನೆಯ ಬಚ್ಚಲ ಬಾಗಿಲಲ್ಲಿ ಅಮ್ಮ ರಾತ್ರಿ ಬಿದ್ದಿದ್ದಳು. ಎಡಗೈ ಮಣಿಕಟ್ಟು ಮುರಿದಿತ್ತು, ಜೊತೆಗೆ ಜ್ವರ. ಸಿಕ್ಕ ಟಿಕೆಟ್ ತೆಗೆದುಕೊಂಡು ಬಂದೆ. ಕೆಂಪೇಗೌಡ ವಿಮಾನ ನಿಲ್ದಾಣದಿಂದ ನೇರ ಆಸ್ಪತ್ರೆಗೆ.

ಅಮ್ಮ ಮಲಗಿದ್ದಳು. ಪಕ್ಕದಲ್ಲಿ ಅಣ್ಣ, ಅತ್ತಿಗೆ, ಫ್ಲಾಸ್ಕು, ಟಿಫನ್ ಕ್ಯಾರಿಯರ್. "ಸದ್ಯ, ನಿನ್ನೆಯಿಂದ ಸುಮ್ನೆ ಮಲಗಿದ್ದಾಳೆ. ಗಲಾಟೆ ಇಲ್ಲ" ಎಂದ ಅಣ್ಣ. ನನಗೆ ಆ 'ಸುಮ್ನೆ'ಯೇ ಸರಿಕಾಣಲಿಲ್ಲ. ನಮ್ಮಮ್ಮ ಎಚ್ಚರವಿದ್ದು ಸುಮ್ಮನಿದ್ದದ್ದನ್ನು ನಾನು ನೋಡಿಲ್ಲ.

ನಮ್ಮ ವಾರ್ಡಿನಲ್ಲಿ ನಾಲ್ಕು ಅಂಶಗಳ ಒಂದು ಸಣ್ಣ ಪರೀಕ್ಷೆ ಮಾಡುತ್ತೇವೆ. ಹೆಸರು ಫೋರ್ ಎ ಟಿ. ಎರಡು ನಿಮಿಷ ಸಾಕು. ರೋಗಿ ಎಚ್ಚರವಾಗಿದ್ದಾರಾ? ವಯಸ್ಸು, ಹುಟ್ಟಿದ ತಾರೀಕು, ಈಗಿರುವ ಜಾಗ, ಇಸವಿ ಹೇಳುತ್ತಾರಾ? ತಿಂಗಳುಗಳನ್ನು ಡಿಸೆಂಬರ್‌ನಿಂದ ಹಿಂದಕ್ಕೆ ಹೇಳುತ್ತಾರಾ? ಕೊನೆಯದು, ಇದೆಲ್ಲ ಇದ್ದಕ್ಕಿದ್ದಂತೆ ಆದದ್ದಾ? ತಪ್ಪಿದಷ್ಟೂ ಅಂಕ ಏರುತ್ತದೆ. ನಾಲ್ಕು ಅಥವಾ ಹೆಚ್ಚು ಅಂಕ ಬಂದರೆ ಡೆಲಿರಿಯಂ, ಅಂದರೆ ಇದ್ದಕ್ಕಿದ್ದಂತೆ ತಲೆ ಗೊಂದಲವಾಗುವ ಸ್ಥಿತಿ, ಇರಬಹುದು ಅಂತ ಡಾಕ್ಟರನ್ನು ಕರೆಯಬೇಕು.

ಮತ್ತಿಕೆರೆಯ ಅಮ್ಮನಿಗೆ ಈ ಪ್ರಶ್ನೆಗಳನ್ನು ಇದ್ದ ಹಾಗೇ ಕೇಳಿ ಪ್ರಯೋಜನವಿಲ್ಲ. ಹುಟ್ಟಿದ ತಾರೀಕು ಕೇಳಿದರೆ "ಸ್ಕೂಲಿಂದಾ, ನಿಜದ್ದಾ?" ಅನ್ನುವವಳು ಅವಳು. ಮೇಷ್ಟ್ರು ಬರೆದುಕೊಂಡಿದ್ದೇ ಒಂದು, ಜಾತಕದಲ್ಲಿ ಇರುವುದೇ ಇನ್ನೊಂದು. ಆ ಪೀಳಿಗೆಯ ಎಷ್ಟೋ ಜನರಿಗೆ ತಾರೀಕೇ ಗೊತ್ತಿಲ್ಲ, ಅದಕ್ಕೆ ತಲೆ ಕೆಟ್ಟಿದೆ ಅನ್ನಲಾಗುತ್ತಾ? ಡಿಸೆಂಬರ್, ನವೆಂಬರ್ ಬಿಟ್ಟು "ಫಾಲ್ಗುಣದಿಂದ ಹಿಂದಕ್ಕೆ ಹೇಳಮ್ಮ" ಅಂದೆ. ಪಂಚಾಂಗ ನೋಡದೆ ತಿಥಿ ಹೇಳುವ ಹೆಂಗಸು. ಕಷ್ಟಪಟ್ಟು ಕಣ್ಣು ಬಿಟ್ಟಳು. "ಫಾಲ್ಗುಣ... ಮಾಘ..." ಅಲ್ಲೇ ನಿಂತುಬಿಟ್ಟಳು. ಮತ್ತೆ ಕಣ್ಣು ಮುಚ್ಚಿತು.

ಡೆಲಿರಿಯಂಗೆ ನಮ್ಮ ಅಜ್ಜಿಯರು ಸನ್ನಿ ಅನ್ನುತ್ತಿದ್ದರು. ಸನ್ನಿ ಅಂದಕೂಡಲೇ ನಮಗೆ ನೆನಪಾಗುವುದು ಬಡಬಡಿಕೆ, ಕೈಕಾಲು ಬಡಿಯುವುದು, ಡ್ರಿಪ್ ಕಿತ್ತುಹಾಕುವುದು. ಹಾಗೆ ಮಾಡುವವರನ್ನು ಎಲ್ಲರೂ ಗಮನಿಸುತ್ತಾರೆ. ಸದ್ದಿಲ್ಲದ ಸನ್ನಿಯೂ ಇದೆ. ಅದು ಹಿಡಿದವರು ಬರೀ ಮಲಗಿರುತ್ತಾರೆ, ಕೊಟ್ಟರೆ ಎರಡು ತುತ್ತು ತಿನ್ನುತ್ತಾರೆ, ಯಾರಿಗೂ ತೊಂದರೆ ಕೊಡುವುದಿಲ್ಲ. ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ.

ಡ್ಯೂಟಿ ಡಾಕ್ಟರ್ ಚಿಕ್ಕ ಹುಡುಗ, ಪಾಪ, ನಿದ್ದೆಗೆಟ್ಟ ಕಣ್ಣು. "ವಯಸ್ಸಾಯ್ತಲ್ಲ ಮೇಡಂ, ಹೀಗೆ ಆಗತ್ತೆ" ಎಂದರು. ಜಗಳ ಮಾಡಲಿಲ್ಲ. ವಯಸ್ಸು ಹೋದ ವಾರವೂ ಇಷ್ಟೇ ಇತ್ತಲ್ಲ ಡಾಕ್ಟ್ರೇ, ಹೋದ ವಾರ ಹೀಗಿರಲಿಲ್ಲ ಅಂದೆ. ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಚಾರ್ಟ್ ಪೂರ್ತಿ ಓದಿದರು. ಆ ಹುಡುಗನ ಬಗ್ಗೆ ನನಗೆ ಈಗಲೂ ಗೌರವ.

ಹುಡುಕಿದರೆ ಕಾರಣ ಒಂದಲ್ಲ, ಮೂರ್ನಾಲ್ಕು. ಮೂತ್ರದಲ್ಲಿ ಸೋಂಕು. ರಾತ್ರಿ ನಿದ್ದೆಗೆ ಹೊಸದಾಗಿ ಶುರುವಾದ ಮಾತ್ರೆ. ನಾಲ್ಕು ದಿನದಿಂದ ಸಂಡಾಸ್ ಆಗಿರಲಿಲ್ಲ, ಯಾರೂ ಕೇಳಿರಲಿಲ್ಲ, ಅಮ್ಮ ಹೇಳಿರಲಿಲ್ಲ. ಕನ್ನಡಕ ಮನೆಯ ಬೀರುವಿನಲ್ಲಿ. ಕಿವಿಯ ಮಶೀನು "ಕಳೆದುಹೋಗತ್ತೆ ಅಂತ" ಅಣ್ಣನ ಜೇಬಿನಲ್ಲಿ! ಕಿವಿ ಕೇಳದ, ಕಣ್ಣು ಕಾಣದ ಮನುಷ್ಯರನ್ನು ಹೊಸ ಜಾಗದಲ್ಲಿ ಮಲಗಿಸಿದರೆ ಯಾರಿಗೆ ತಾನೇ ದಿಕ್ಕು ತಪ್ಪುವುದಿಲ್ಲ? ಮೂರನೇ ದಿನಕ್ಕೆ ಅಮ್ಮ ಆಸ್ಪತ್ರೆಯ ಸಾರಿಗೆ ಉಪ್ಪಿಲ್ಲ ಅಂತ ಶುರು ಮಾಡಿದಳು.

ಇನ್ನು ಆ 'ಎರಡು ವಾರದ ಹಿಂದೆ'. ಅಣ್ಣನನ್ನು ಕೇಳಿದೆ. "ಆರಾಮಾಗೇ ಇದ್ಲಲ್ಲ" ಎಂದ. ಅತ್ತಿಗೆ ಅವನು ಕಾಫಿಗೆ ಹೋಗುವವರೆಗೂ ಕಾದಿದ್ದು ಹೇಳಿದರು. ದೀಪಾವಳಿಯಿಂದ ಅಮ್ಮ ಬಾಗಿಲಿಗೆ ರಂಗೋಲಿ ಹಾಕುವುದನ್ನು ನಿಲ್ಲಿಸಿದ್ದಳಂತೆ. ಕುಕ್ಕರಗಾಲಲ್ಲಿ ಕೂತರೆ ಏಳಲಾಗುತ್ತಿರಲಿಲ್ಲ. ಬಚ್ಚಲಿಗೆ ಗೋಡೆ ಹಿಡಿದು ಹೋಗುತ್ತಿದ್ದಳು. ನಮ್ಮ ವಾರ್ಡಿನ ಯಾವ ಫಾರಂನಲ್ಲೂ ರಂಗೋಲಿಯ ಪ್ರಶ್ನೆ ಇಲ್ಲ. ಬೆಂಗಳೂರಿನ ಫಾರಂನಲ್ಲಿ ಇರಬೇಕು ಅಂತ ನನ್ನ ಅಭಿಪ್ರಾಯ. ಮಂಡಿ, ಸೊಂಟ, ಕಣ್ಣು, ಕೈ, ಲೆಕ್ಕ ಎಲ್ಲ ಅದರೊಳಗೇ ಬಂತಲ್ಲ.

ಬಳೆಯ ಮಾತೂ ಹಾಗೆಯೇ. ಬ್ರಿಟನ್ನಿನಲ್ಲಿ ಊಟ ಮೈಗೆ ಹತ್ತುತ್ತಿದೆಯಾ ಅಂತ ನೋಡಲು 'ಮಸ್ಟ್' ಎಂಬ ಪಟ್ಟಿ ಬಳಸುತ್ತೇವೆ. ಎತ್ತರ ಮತ್ತು ತೂಕದ ಲೆಕ್ಕ, ಕಳೆದ ಮೂರರಿಂದ ಆರು ತಿಂಗಳಲ್ಲಿ ತಾನಾಗಿಯೇ ಎಷ್ಟು ಇಳಿದಿದೆ ಎಂಬುದು. ತೂಕ ನೋಡಲಾಗದಿದ್ದರೆ ಬಟ್ಟೆ, ಒಡವೆ ಸಡಿಲ ಆಗಿದೆಯಾ ನೋಡಿ ಅಂತ ಅದರಲ್ಲೇ ಇದೆ. ಅಮ್ಮನ ಬಲಗೈ ಎತ್ತಿದೆ. ಬಳೆ ಮೊಣಕೈವರೆಗೂ ಸಲೀಸಾಗಿ ಜಾರಿತು. ನಾನು ಪ್ರತಿ ಭಾನುವಾರ ವಿಡಿಯೋ ಕಾಲ್‌ನಲ್ಲಿ ಬರೀ ಮುಖ ನೋಡುತ್ತಿದ್ದೆ.

ಬಿದ್ದದ್ದೇಕೆ ಅನ್ನುವುದು ಮನೆಗೆ ಬಂದ ಮೇಲೆ ಗೊತ್ತಾಯಿತು. ಐದು ನಿಮಿಷ ಮಲಗಿಸಿ ಬಿಪಿ ನೋಡಿದೆ, 138. ನಿಲ್ಲಿಸಿ ಒಂದು ನಿಮಿಷಕ್ಕೆ 112. ಮೂರನೇ ನಿಮಿಷಕ್ಕೆ ಮತ್ತೊಮ್ಮೆ, 114. ನಿಂತಾಗ ಮೇಲಿನ ಅಂಕಿ ಇಪ್ಪತ್ತು ಅಥವಾ ಹೆಚ್ಚು ಇಳಿದರೆ ತಲೆ ಸುತ್ತಿ ಬೀಳುವ ಭಯ ಇರುತ್ತದೆ. ಡಾಕ್ಟರಿಗೆ ತೋರಿಸಿದೆವು, ಬಿಪಿ ಮಾತ್ರೆ ಕಮ್ಮಿ ಮಾಡಿದರು. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ ಮತ್ತೆ. ಮರೆವು ಜಾಸ್ತಿ ಅನ್ನಿಸಿದರೆ ನಿಮ್ಹಾನ್ಸ್‌ನಲ್ಲಿ ಹಿರಿಯರಿಗೆಂದೇ ಕ್ಲಿನಿಕ್ ಇದೆ. ಅಮ್ಮನಿಗೆ ಅದು ಬೇಕಾಗಲಿಲ್ಲ.

ಅಲ್ಲಿ ಎಲ್ಲ ಚೆನ್ನ, ಇಲ್ಲಿ ಏನೂ ಇಲ್ಲ ಅಂತಲ್ಲ. ಲೀಡ್ಸ್‌ನಲ್ಲಿ ರಾತ್ರಿ ನನ್ನ ವಾರ್ಡಿನಲ್ಲಿ ಹೆಚ್ಚಿನ ಹಾಸಿಗೆಗಳ ಪಕ್ಕ ಯಾರೂ ಇರುವುದಿಲ್ಲ. ಮರೆವಿನ ರೋಗಿಗಳಿಗೆ 'ದಿಸ್ ಈಸ್ ಮಿ' ಅಂತ ಒಂದು ಹಾಳೆ ಬರುತ್ತದೆ. ಅಲ್ಲಿನ ಆಲ್‌ಝೈಮರ್ಸ್ ಸೊಸೈಟಿಯದು. ಏನಂತ ಕರೆದರೆ ಇಷ್ಟ, ಯಾವುದಕ್ಕೆ ಗಾಬರಿ, ಎಲ್ಲ ಬರೆದಿರುತ್ತದೆ. ನಮ್ಮಲ್ಲಿ ಆ ಹಾಳೆ ಪಕ್ಕದಲ್ಲೇ ಚಾಪೆ ಹಾಕಿಕೊಂಡು ಮಲಗಿರುತ್ತದೆ. ಡಾಕ್ಟರ್ ರೌಂಡ್ಸ್‌ಗೆ ಬಂದಾಗ ಮಾತಾಡುವವನು ಮಗ. ಎಲ್ಲ ಗೊತ್ತಿರುವವಳು ಸೊಸೆ. ಅಮ್ಮನನ್ನು ಕೇಳುವವರೇ ಇಲ್ಲ.

ಹೊರಡುವ ಮುಂಚೆ ಅತ್ತಿಗೆಗೆ ಗೋಡೆಯ ಕ್ಯಾಲೆಂಡರಿನಲ್ಲೇ ನಾಲ್ಕು ಸಾಲು ಬರೆದಿಡಿ ಅಂದೆ. ವಾರಕ್ಕೊಮ್ಮೆ ಅದರ ಫೋಟೋ ವಾಟ್ಸಾಪ್‌ನಲ್ಲಿ ಬರುತ್ತದೆ. ಮೊನ್ನೆ ಬಂದದ್ದು ಹೀಗಿತ್ತು: "ತೂಕ 46. ನಿಂತಾಗ ಬಿಪಿ 126. ಸಂಡಾಸ್ ದಿನಾ. ರಂಗೋಲಿ, ಸ್ಟೂಲ್ ಮೇಲೆ ಕೂತು, ಐದು ಚುಕ್ಕಿ."