ತಪ್ಪು ಪುಡಿಯದ್ದಲ್ಲ, ನೀರಿನದು

ದಾವಣಗೆರೆ ಬಿಟ್ಟು ಮ್ಯೂನಿಕ್‌ಗೆ ಬಂದು ಏಳು ವರ್ಷ ಆಯಿತು. ಮೊದಲ ನಾಲ್ಕು ವರ್ಷ, ಊರಿಂದ ವಾಪಸ್ ಬರುವಾಗಲೆಲ್ಲ ನನ್ನ ಸೂಟ್‌ಕೇಸಿನಲ್ಲಿ ಎರಡು ಕೆಜಿ ಕಾಫಿ ಪುಡಿ ಇರುತ್ತಿತ್ತು. ಅಮ್ಮ ಮಂಡಿಪೇಟೆಯ ಅಂಗಡಿಯಲ್ಲಿ ಎದುರಿಗೆ ನಿಂತು ಬೀಸಿಸಿ, ಎರಡೆರಡು ಕವರ್ ಹಾಕಿ, ರಬ್ಬರ್ ಬ್ಯಾಂಡ್ ಬಿಗಿದು, ಸೀರೆ ಮಡಿಕೆಗಳ ನಡುವೆ ಇಡುತ್ತಿದ್ದಳು. ಇಲ್ಲಿಗೆ ಬಂದು ಅದೇ ಪುಡಿ, ಅದೇ ಸ್ಟೀಲ್ ಫಿಲ್ಟರ್, ಅದೇ ಚಮಚದ ಅಳತೆ. ಆದರೆ ಲೋಟದಲ್ಲಿ ಬರುತ್ತಿದ್ದದ್ದು ಬೇರೆಯೇ ಕಾಫಿ. ಬಣ್ಣ ಇದೆ, ಕಹಿ ಇದೆ, ಘಮ ಇಲ್ಲ. ಕುಡಿದ ಮೇಲೆ ನಾಲಿಗೆ ಮೇಲೆ ಸೀಮೆಸುಣ್ಣ ಸವರಿದ ಹಾಗೆ.

ಪುಡಿ ಸರಿ ಇಲ್ಲ ಅಂದುಕೊಂಡೆ. ಫೋನಿನಲ್ಲಿ ಅಮ್ಮನಿಗೆ ಹೇಳಿದರೆ ಅವಳಿಗೆ ಬೇಜಾರು. ‘ನಾನು ಇಲ್ಲಿ ದಿನಾ ಅದನ್ನೇ ಕುಡೀತೀನಲ್ಲ, ಚೆನ್ನಾಗೇ ಐತಿ’ ಅನ್ನುತ್ತಿದ್ದಳು. ಅಂಗಡಿ ಬದಲಾಯಿಸಿದಳು, ಕಾಫಿಗೆ ಬೆರೆಸುವ ಚಿಕೋರಿ ಬೇರಿನ ಪುಡಿ ಕಡಿಮೆ ಮಾಡಿಸಿದಳು, ಇನ್ನೊಂದು ಸಲ ಪೀಬೆರಿ, ಅಂದರೆ ಒಂಟಿ ದುಂಡು ಬೀಜದ ಪುಡಿ ಕಳಿಸಿದಳು. ಏನೂ ಬದಲಾಗಲಿಲ್ಲ.

ಗೊತ್ತಾಗಿದ್ದು ಒಂದು ಭಾನುವಾರ, ಕೆಟಲ್ ತೊಳೆಯುವಾಗ. ತಳದಲ್ಲಿ ಬಿಳಿ ಪದರ ಕೂತಿತ್ತು. ಉಗುರಲ್ಲಿ ಕೆರೆದರೆ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಆ ಚಕ್ಕೆಯನ್ನು ನಾನು ಮೊದಲೂ ನೋಡಿದ್ದೆ, ದಾವಣಗೆರೆಯ ನಮ್ಮ ಬಚ್ಚಲಮನೆಯಲ್ಲಿ ಬೋರ್ ನೀರು ಕಾಯಿಸುವ ಹಂಡೆಯ ಒಳಗೆ. ಮ್ಯೂನಿಕ್‌ನ ನಳದ ನೀರು ಆಲ್ಪ್ಸ್ ಬೆಟ್ಟದ ಬುಡದಿಂದ ಬರುತ್ತದೆ, ತುಂಬಾ ಶುದ್ಧ, ಹಾಗೇ ಹಿಡಿದು ಕುಡಿಯಬಹುದು. ಆದರೆ ಗಡಸು, ಅಂದರೆ ಸುಣ್ಣದಂಥ ಖನಿಜ ಜಾಸ್ತಿ. ಜರ್ಮನಿಯಲ್ಲಿ ನೀರಿನ ಗಡಸುತನವನ್ನು ಡಿಗ್ರಿಯಲ್ಲಿ ಅಳೆಯುತ್ತಾರೆ. 14 ಡಿಗ್ರಿ ದಾಟಿದರೆ ಗಡಸು ಅಂತ ಲೆಕ್ಕ, ಮ್ಯೂನಿಕ್ ನೀರು ಅದರ ಮೇಲೆಯೇ ಇರುತ್ತದೆ. ಶುದ್ಧ ನೀರು ಅಂದರೆ ಕಾಫಿಗೆ ಒಳ್ಳೆಯ ನೀರು ಅಂತ ಅರ್ಥ ಅಲ್ಲ ಅನ್ನುವುದು ಅವತ್ತಿನವರೆಗೂ ನನಗೆ ಹೊಳೆದಿರಲಿಲ್ಲ.

ಕಾಫಿಯಲ್ಲಿ ಒಂದಿಷ್ಟು ಹುಳಿ ಇರಬೇಕು, ಮಾಗಿದ ಹಣ್ಣಿನಲ್ಲಿ ಇರುತ್ತದಲ್ಲ, ಆ ಥರದ್ದು. ಅದಿದ್ದರೇನೇ ಕಾಫಿ ಬಾಯಲ್ಲಿ ಚುರುಕಾಗಿ ಇರುತ್ತದೆ. ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್ ಆ ಹುಳಿಯನ್ನು ನುಂಗಿಬಿಡುತ್ತದೆ. ಹೊಟ್ಟೆ ಉರಿದಾಗ ಅಡುಗೆ ಸೋಡಾ ಕದಡಿ ಕುಡಿದರೆ ಆರಾಮ ಅನ್ನಿಸುತ್ತದಲ್ಲ, ಅದೇ ಕೆಲಸ. ಹೊಟ್ಟೆಗೆ ಒಳ್ಳೆಯದು, ಕಾಫಿಗೆ ಅಲ್ಲ. ಅವತ್ತೇ ಹೋಗಿ ಖನಿಜ ಕಡಿಮೆ ಇರುವ ಬಾಟಲಿ ನೀರು ತಂದು, ಅಮ್ಮ ಕಳಿಸಿದ ಪುಡಿಯಲ್ಲೇ ಎರಡು ಫಿಲ್ಟರ್ ಹಾಕಿದೆ. ಒಂದಕ್ಕೆ ನಳದ ನೀರು, ಒಂದಕ್ಕೆ ಬಾಟಲಿ ನೀರು. ಹಾಲು ಹಾಕದೆ ಒಂದೊಂದು ಗುಟುಕು ಕುಡಿದು ನೋಡಿದೆ. ಮೂರು ತಿಂಗಳು ಹಳೆಯ ಪುಡಿ, ಆದರೂ ಎರಡನೆಯದರಲ್ಲಿ ನಮ್ಮ ಮನೆಯ ವಾಸನೆ ಇತ್ತು. ತಕ್ಷಣ ಅಮ್ಮನಿಗೆ ಫೋನ್ ಮಾಡಿ, ಪುಡಿಯದೇನೂ ತಪ್ಪಿಲ್ಲ ಅಂತ ಹೇಳಿದೆ.

ನೀರು, ಬೀಜ, ಅಳತೆ ಎಲ್ಲ ನೋಡಿಕೊಂಡು ಮನೆಯಲ್ಲೇ ಕಾಫಿ ಮಾಡುವ ಈ ಹವ್ಯಾಸ ಶುರುವಾಗಿದ್ದು ಅಲ್ಲಿಂದ. ನಮ್ಮೂರಿನವರಿಗೆ ಇದು ಸ್ವಲ್ಪ ಹೊಸದು ಅನ್ನಿಸಬಹುದು, ಯಾಕಂದರೆ ದಾವಣಗೆರೆ ಚಾ ಕುಡಿಯುವ ಊರು. ಸಂಜೆ ಮಂಡಕ್ಕಿ, ಮೆಣಸಿನಕಾಯಿ, ಜೊತೆಗೆ ಅರ್ಧ ಚಾ. ನಮ್ಮ ಮನೆಯಲ್ಲೂ ಅಪ್ಪನಿಗೆ ಚಾ, ಅಮ್ಮನಿಗೆ ಮಾತ್ರ ಬೆಳಗಿನ ಕಾಫಿ. ಅವಳ ತವರು ಕಡೂರು ಕಡೆ, ಅಲ್ಲಿಂದ ಬಂದ ಅಭ್ಯಾಸ ಅದು. ಜರ್ಮನಿಯವರಿಗೂ ಸಂಜೆ ನಾಲ್ಕರ ಹೊತ್ತು ಬಲು ಮುಖ್ಯ. ಅವರದು ಕಾಫಿ ಮತ್ತು ಕೇಕ್. ಪಕ್ಕದ ಮನೆಯ ಅಜ್ಜಿ ಕರೆದಾಗ ಹೋಗಿ ಕೂತರೆ, ಟೇಬಲ್ಲಿಗೆ ಬಟ್ಟೆ ಹಾಸಿ, ಪಿಂಗಾಣಿ ಕಪ್ಪುಗಳನ್ನು ತೆಗೆದು, ನಿಧಾನಕ್ಕೆ ಕಾಗದದ ಫಿಲ್ಟರಿನಲ್ಲಿ ನೀರು ಹುಯ್ಯುತ್ತಾರೆ. ಅವರಿಂದಲೇ ನನಗೆ ಮೆಲಿಟ್ಟಾ ಬೆಂಟ್ಸ್ ಅನ್ನುವ ಹೆಣ್ಣುಮಗಳ ವಿಷಯ ತಿಳಿದಿದ್ದು. ಡ್ರೆಸ್ಡೆನ್ ಊರಿನ ಗೃಹಿಣಿ. ಕಾಫಿಯಲ್ಲಿ ಗಸಿ ಬರುತ್ತದೆ, ಕಹಿ ಜಾಸ್ತಿ ಅಂತ ಬೇಸತ್ತು, 1908ರಲ್ಲಿ ಒಂದು ಹಿತ್ತಾಳೆ ಪಾತ್ರೆಯ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಮಗನ ಶಾಲೆಯ ಪುಸ್ತಕದ ಒತ್ತುಕಾಗದವನ್ನು ಅದರಲ್ಲಿಟ್ಟು ಸೋಸಿದಳು. ಅದನ್ನು ಪೇಟೆಂಟ್ ಕಚೇರಿಯಲ್ಲಿ ನೋಂದಾಯಿಸಿದಳು ಕೂಡ. ಹಿತ್ತಾಳೆ ಪಾತ್ರೆ, ತಳದಲ್ಲಿ ತೂತು! ನಮ್ಮ ಫಿಲ್ಟರೂ ಅದೇ ತಾನೆ. ಕಾಗದ ಒಂದು ಬಿಟ್ಟರೆ ಆ ಅಜ್ಜಿಯ ಅಡುಗೆಮನೆಗೂ ನಮ್ಮ ಅಡುಗೆಮನೆಗೂ ಹೆಚ್ಚು ದೂರ ಇಲ್ಲ ಅನ್ನಿಸಿ ನನಗೆ ಬಹಳ ಖುಷಿಯಾಗಿತ್ತು.

ನೀರಾದ ಮೇಲೆ ಬೀಜ. ಮನೆಯಿಂದ ಕಾಲು ಗಂಟೆ ನಡೆದರೆ ಒಂದು ಸಣ್ಣ ಹುರಿಯುವ ಅಂಗಡಿ ಇದೆ. ಮೊದಲ ಸಲ ಒಳಗೆ ಹೋದಾಗ ಗೋಡೆಗೆ ಒರಗಿಸಿದ್ದ ಗೋಣಿಚೀಲಗಳ ಮೇಲೆ ಕಣ್ಣು ಹೋಯಿತು. ಇಥಿಯೋಪಿಯಾ, ಬ್ರೆಜಿಲ್, ಅದರ ಪಕ್ಕದಲ್ಲೇ ಇಂಡಿಯಾ, ಚಿಕ್ಕಮಗಳೂರು. ಒಂದು ಗಳಿಗೆ ಹಾಗೇ ನಿಂತುಬಿಟ್ಟೆ. ಅಂಗಡಿಯವರಿಗೆ ಫೋನಿನಲ್ಲಿ ನಕ್ಷೆ ತೆಗೆದು ತೋರಿಸಿದೆ: ಇದು ನಮ್ಮೂರು, ಇಲ್ಲಿಂದ ರೈಲು ಹಿಡಿದರೆ ಚಿಕ್ಕಜಾಜೂರು, ಅಜ್ಜಂಪುರ, ಬೀರೂರು, ಕಡೂರು, ಅಲ್ಲಿಂದ ಮೇಲೆ ಹತ್ತಿದರೆ ನಿಮ್ಮ ಚೀಲದ ಊರು. ಯೆಮೆನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣದ ಬೆಟ್ಟದಲ್ಲಿ ನೆಟ್ಟ ಬಾಬಾಬುಡನ್ ಕತೆಯನ್ನೂ ಹೇಳಿದೆ. ಅವರು ಕೆಲಸ ನಿಲ್ಲಿಸಿ ಕೇಳಿದರು.

ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಬೆಳೆಯುವುದು ನಮ್ಮ ಕರ್ನಾಟಕ. ಬೆಳೆದದ್ದರಲ್ಲಿ ಹೆಚ್ಚಿನ ಪಾಲು ಹಡಗು ಹತ್ತಿ ಹೊರಗೆ ಹೋಗುತ್ತದೆ, ಇಟಲಿ ಮತ್ತು ಜರ್ಮನಿ ದೊಡ್ಡ ಗಿರಾಕಿಗಳು. ಅಂದರೆ ನನಗಿಂತ ಎಷ್ಟೋ ಮುಂಚೆ ನಮ್ಮ ಕಾಫಿ ಇಲ್ಲಿಗೆ ಬಂದಾಗಿತ್ತು. ನಾನು ಅದನ್ನು ಬಿಟ್ಟು ಸೂಟ್‌ಕೇಸಿನಲ್ಲಿ ಪುಡಿ ಹೊರುತ್ತಿದ್ದೆ. ಇಲ್ಲಿ ಅಗ್ಗವೇನಲ್ಲ. ಹುರಿದ ಕಾಫಿಗೆ ಅಂತಲೇ ಸರ್ಕಾರ ಕೆಜಿಗೆ 2.19 ಯೂರೋ ಬೇರೆ ತೆರಿಗೆ ಹಾಕುತ್ತದೆ. ಆದರೆ ಪ್ಯಾಕೆಟ್ಟಿನ ಮೇಲೆ ಹುರಿದ ದಿನ ಬರೆದಿರುತ್ತದೆ. ಆ ಒಂದು ಸಾಲಿಗೆ ನಾನು ದುಡ್ಡು ಕೊಡಲು ತಯಾರಿದ್ದೇನೆ.

ಹುರಿದ ಬೀಜದೊಳಗೆ ಗಾಳಿ ತುಂಬಿಕೊಂಡಿರುತ್ತದೆ, ಇಂಗಾಲದ ಡೈಆಕ್ಸೈಡ್. ಅದು ನಿಧಾನಕ್ಕೆ ಹೊರಗೆ ಹೋಗುತ್ತದೆ. ಹಾಗಾಗಿ ಹುರಿದ ದಿನವೇ ಕುಡಿಯುವುದಕ್ಕಿಂತ ನಾಲ್ಕೈದು ದಿನ ಬಿಟ್ಟು ಕುಡಿದರೆ ರುಚಿ. ಇಡೀ ಬೀಜ ಗಾಳಿಯಾಡದ ಡಬ್ಬಿಯಲ್ಲಿ ಮೂರು ನಾಲ್ಕು ವಾರ ಚೆನ್ನಾಗಿರುತ್ತದೆ. ಬೀಸಿದ ಮೇಲೆ ಮಾತ್ರ ಘಮ ಓಡಿಹೋಗುತ್ತದೆ, ತಡೆಯೋಕೆ ಆಗಲ್ಲ. ಅಮ್ಮ ಎಷ್ಟೇ ಬಿಗಿಯಾಗಿ ಕಟ್ಟಿದರೂ ನನ್ನ ಎರಡು ಕೆಜಿ ಪುಡಿಯ ಅರ್ಧ ಜೀವ ದಾರಿಯಲ್ಲೇ ಹೋಗಿರುತ್ತಿತ್ತು.

ಅದಕ್ಕೇ ಕೈಯಲ್ಲಿ ತಿರುಗಿಸುವ ಒಂದು ಗ್ರೈಂಡರ್ ತಗೊಂಡೆ. ಒಳಗೆ ಎರಡು ಹಲ್ಲಿನ ಚಕ್ರ, ಒಂದು ರೀತಿ ಪುಟ್ಟ ಬೀಸುವ ಕಲ್ಲು. ಚಕ್ರಗಳ ನಡುವಿನ ಸಂದು ಹೆಚ್ಚು ಕಡಿಮೆ ಮಾಡಿದರೆ ಪುಡಿ ದಪ್ಪ ಅಥವಾ ಸಣ್ಣ ಆಗುತ್ತದೆ. ಮಿಕ್ಸಿ ಬೀಸುವುದಿಲ್ಲ, ಕೊಚ್ಚುತ್ತದೆ. ಒಂದಿಷ್ಟು ಹಿಟ್ಟು, ಒಂದಿಷ್ಟು ರವೆ. ಹಿಟ್ಟಿನಿಂದ ಕಹಿ ಇಳಿಯುತ್ತದೆ, ರವೆ ಇನ್ನೂ ಹಸಿಹುಳಿಯಾಗಿಯೇ ಉಳಿದಿರುತ್ತದೆ, ಎರಡೂ ಒಂದೇ ಲೋಟಕ್ಕೆ ಬರುತ್ತವೆ. ಈ ಹವ್ಯಾಸಕ್ಕೆ ಒಂದೇ ಒಂದು ಸಾಮಾನಿಗೆ ದುಡ್ಡು ಹಾಕುವುದಾದರೆ ಗ್ರೈಂಡರಿಗೆ ಹಾಕಿ, ಮಷೀನಿಗೆ ಬೇಡ ಅಂತ ನಾನು ಯಾರಿಗಾದರೂ ಹೇಳುತ್ತೇನೆ.

ಈಗ ನನ್ನ ಬೆಳಗಿನ ಕೆಲಸ ಹೀಗೆ. 20 ಗ್ರಾಂ ಬೀಜ ತೂಗುತ್ತೇನೆ. ಬೀಸುತ್ತೇನೆ, ಒಂದೂವರೆ ನಿಮಿಷ. ಚಿಕೋರಿ ಇಲ್ಲದ ಪುಡಿ ಫಿಲ್ಟರಿನಲ್ಲಿ ನೀರನ್ನು ಹಿಡಿದುಕೊಳ್ಳುವುದಿಲ್ಲ, ಸರ್ರನೆ ಇಳಿದುಬಿಡುತ್ತದೆ. ಮೊದಲ ವಾರ ನನಗೆ ಬರೀ ನೀರು ನೀರು ಡಿಕಾಕ್ಷನ್ ಬಂದಿದ್ದು ಅದಕ್ಕೇ. ಅದಕ್ಕೆ ಸಣ್ಣ ರವೆಗಿಂತ ಇನ್ನೊಂಚೂರು ನುಣ್ಣಗೆ ಬೀಸಬೇಕು, ಹಾಕಿದ ಮೇಲೆ ಛತ್ರಿಯಿಂದ, ಅಂದರೆ ಫಿಲ್ಟರಿನೊಳಗೆ ಇಡುವ ಹಿಡಿ ಇರುವ ತೂತಿನ ಬಿಲ್ಲೆಯಿಂದ, ಮೆಲ್ಲಗೆ ಒಂದು ಸಲ ಒತ್ತಬೇಕು. ಕುದಿದ ನೀರನ್ನು ಅರ್ಧ ನಿಮಿಷ ಬಿಟ್ಟು, ಮೊದಲು ಪುಡಿ ನೆನೆಯುವಷ್ಟು ಮಾತ್ರ ಹುಯ್ಯುತ್ತೇನೆ. ತಾಜಾ ಪುಡಿಯಾದರೆ ಆಗ ಉಬ್ಬುತ್ತದೆ, ಸಣ್ಣ ಗುಳ್ಳೆ ಏಳುತ್ತವೆ, ದೋಸೆ ಹಿಟ್ಟು ಹುದುಗಿದ ಹಾಗೆ ಕಾಣುತ್ತದೆ. ಒಳಗಿನ ಗಾಳಿ ಹೊರಗೆ ಬರುವ ಗಳಿಗೆ ಅದು. ಆ ಹೊತ್ತಿನಲ್ಲಿ ಬಗ್ಗಿ ಮೂಗು ಹತ್ತಿರ ಒಯ್ದರೆ ಸಾಕು, ನನಗೆ ದಿನ ಶುರುವಾದ ಹಾಗೆ. ಅರ್ಧ ನಿಮಿಷದ ನಂತರ ಉಳಿದ ನೀರು. ಒಟ್ಟು 120 ಎಂಎಲ್ ಹಾಕಿದರೆ 40 ಎಂಎಲ್‌ನಷ್ಟನ್ನು ಪುಡಿಯೇ ಕುಡಿದುಬಿಡುತ್ತದೆ, ಕೆಳಗೆ 80 ಬರುತ್ತದೆ. ಇಬ್ಬರಿಗೆ ಸಾಕು.

ಚಿಕೋರಿ ಬಗ್ಗೆ ಒಂದು ಮಾತು. ಅದು ಒಂದು ಗಿಡದ ಬೇರು, ಹುರಿದು ಪುಡಿ ಮಾಡಿದ್ದು, ಅದರಲ್ಲಿ ಕೆಫೀನ್ ಇಲ್ಲ. ಡಿಕಾಕ್ಷನ್‌ಗೆ ಗಟ್ಟಿತನ, ಬಣ್ಣ ಕೊಡುತ್ತದೆ. ಹತ್ತು ಇಪ್ಪತ್ತು ಪಾಲು ಇದ್ದರೆ ಹಾಲಿನ ಕಾಫಿಗೆ ಚೆಂದವೇ. ಆದರೆ ನಮ್ಮ ಕಾನೂನಿನ ಪ್ರಕಾರ 49 ಪಾಲಿನವರೆಗೂ ಚಿಕೋರಿ ಹಾಕಬಹುದು. ಪ್ಯಾಕೆಟ್ ತಿರುಗಿಸಿ ಓದಿ. ಅರ್ಧಕ್ಕರ್ಧ ಬೇರಿನ ಪುಡಿ ಕುಡಿದು ಕಾಫಿ ಕಹಿ ಅಂದರೆ ಪಾಪ, ಕಾಫಿ ಏನು ಮಾಡೀತು.

ಹೋದ ಡಿಸೆಂಬರಿನಲ್ಲಿ ಊರಿಗೆ ಬಂದಾಗ ಗ್ರೈಂಡರ್ ಜೊತೆಗೆ ತಂದಿದ್ದೆ. ಸೂಟ್‌ಕೇಸಿನಲ್ಲಿ ಕಾಫಿ ಸಾಮಾನು ಮೊದಲ ಸಲ ಈ ಕಡೆಗೆ ಬಂತು. ಮಾರನೇ ದಿನವೇ ಅಮ್ಮನ ಜೊತೆ ಅದೇ ಅಂಗಡಿಗೆ ಹೋದೆ.

‘ಅಣ್ಣ, ಬೀಸಬೇಡಿ, ಬೀಜಾನೇ ಕೊಡಿ. ಯಾವತ್ತು ಹುರಿದಿದ್ದು ಇದು?’

‘ಬೀಜ ಒಯ್ದು ಏನ್ಮಾಡ್ತೀಯವ್ವಾ?’ ಅಂದವರು, ಕೇಳಿದ್ದಕ್ಕೆ ಸಿಟ್ಟಾಗದೆ, ಮುಂದಿನ ಡಬ್ಬಿ ಬಿಟ್ಟು ಹಿಂದಿನ ಡಬ್ಬಿಯ ಮುಚ್ಚಳ ತೆಗೆದರು. ‘ಇದು ಸೋಮವಾರದ್ದು. ಪ್ಲಾಂಟೇಷನ್ ಎ, ದೊಡ್ಡ ಕಾಳಿನದು. ಇದನ್ನ ಒಯ್ಯಿ.’

ಅಷ್ಟೇ ನೋಡಿ. ಕೇಳಿದರೆ ಸಿಗುತ್ತದೆ, ನಾವು ಕೇಳುವುದಿಲ್ಲ. ಕಾಫಿ ಬೆಳೆಯುವ ಬೆಟ್ಟಕ್ಕೆ ಇಷ್ಟು ಹತ್ತಿರ ಇದ್ದುಕೊಂಡು, ಮ್ಯೂನಿಕ್‌ನವರು ಕೇಳುವ ಪ್ರಶ್ನೆಯನ್ನು ದಾವಣಗೆರೆಯವರು ಯಾಕೆ ಕೇಳಬಾರದು?

ಮನೆಗೆ ಬಂದು ನೀರಿನ ಪರೀಕ್ಷೆ ಮಾಡಿದೆವು. ನಮ್ಮಲ್ಲಿ ಮೂರು ನೀರು. ಮನೆಯ ಬೋರ್ ನೀರು, ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತರುವ ಆರ್‌ಓ ನೀರು, ಮತ್ತು ನಳಕ್ಕೆ ಬಿಟ್ಟ ದಿನ ಹಿಡಿದಿಟ್ಟ ಹೊಳೆ ನೀರು. ಒಂದೇ ಬೀಜ, ಒಂದೇ ತೂಕ, ಮೂರು ಲೋಟ. ಲೋಟದ ಅಡಿಗೆ ಚೀಟಿ ಅಂಟಿಸಿ ಅಮ್ಮನಿಗೆ, ಅಪ್ಪನಿಗೆ, ಪಕ್ಕದ ಮನೆ ಅಕ್ಕನಿಗೆ ಕೊಟ್ಟೆ. ಬೋರ್ ನೀರಿನದು ಸಪ್ಪೆ, ಸುಣ್ಣ ಸುಣ್ಣ, ಥೇಟ್ ನನ್ನ ಮ್ಯೂನಿಕ್ ಕಾಫಿ. ಆರ್‌ಓ ನೀರಿನದು ತೆಳ್ಳಗೆ, ಹುಳಿ ಮಾತ್ರ ಮುಂದೆ ಬಂದು ಹಿಂದೆ ಏನೂ ಇಲ್ಲ. ಇದು ನನಗೆ ಮೊದಲೇ ಗೊತ್ತಿತ್ತು, ಖನಿಜ ಹೆಚ್ಚುಕಡಿಮೆ ಪೂರ್ತಿ ತೆಗೆದ ನೀರಿಗೆ ಪುಡಿಯಿಂದ ರುಚಿ ಎಳೆಯುವ ಶಕ್ತಿ ಕಡಿಮೆ, ಒಂದಿಷ್ಟು ಮೆಗ್ನೀಸಿಯಂ, ಕ್ಯಾಲ್ಸಿಯಂ ಬೇಕೇ ಬೇಕು. ಮೂವರೂ ಕೈಗೆತ್ತಿಕೊಂಡಿದ್ದು ಹೊಳೆ ನೀರಿನ, ಅಂದರೆ ರಾಜನಹಳ್ಳಿಯಲ್ಲಿ ಎತ್ತಿ ಊರಿಗೆ ಕಳಿಸುವ ತುಂಗಭದ್ರೆಯ ನೀರಿನ ಲೋಟವನ್ನೇ. ಆ ನೀರು ಇಲ್ಲದ ದಿನ ಕ್ಯಾನ್ ನೀರು ಮುಕ್ಕಾಲು, ಬೋರ್ ನೀರು ಕಾಲು ಭಾಗ ಬೆರೆಸಿ ಕಾಯಿಸಿ. ನಾವು ಮಾಡಿ ನೋಡಿದೆವು, ಹೊಳೆ ನೀರಿನ ಹತ್ತಿರ ಹತ್ತಿರ ಬರುತ್ತದೆ.

ಹಾಲಿನ ವಿಷಯದಲ್ಲಿ ಮಾತ್ರ ಊರಿನಲ್ಲಿರುವ ನಿಮ್ಮ ಭಾಗ್ಯಕ್ಕೆ ಸಾಟಿ ಇಲ್ಲ. ಇಲ್ಲಿ ಮ್ಯೂನಿಕ್‌ನ ಅಂಗಡಿಯಲ್ಲಿ ಸಿಗುವ ಒಳ್ಳೆಯ ಹಾಲು ಅಂದರೂ ಕೊಬ್ಬು ನೂರಕ್ಕೆ 3.5 ಅಥವಾ 3.8. ಎಷ್ಟು ಕಾಯಿಸಿದರೂ ಕೆನೆ ಕಟ್ಟುವುದಿಲ್ಲ. ಅಮ್ಮ ಹಾಕಿಸಿಕೊಳ್ಳುವ ಎಮ್ಮೆ ಹಾಲಿನಲ್ಲಿ ಅದರ ಹೆಚ್ಚುಕಡಿಮೆ ಎರಡರಷ್ಟು. ಬಿಸಿ ಡಿಕಾಕ್ಷನ್ ಮೇಲೆ ಆ ಹಾಲು ಬಿದ್ದಾಗ ಬರುವ ಬಣ್ಣ, ಕೆಂಪು ಮಣ್ಣಿಗೆ ಮೊದಲ ಮಳೆ ಬಿದ್ದ ಹಾಗೆ, ಅದನ್ನು ನಾನು ಇಲ್ಲಿ ಯಾವ ಹಾಲಿನಲ್ಲೂ ಪಡೆಯಲು ಆಗಿಲ್ಲ. ಒಂದೇ ಕೋರಿಕೆ, ಡಿಕಾಕ್ಷನ್ ಅನ್ನು ಒಲೆ ಮೇಲಿಟ್ಟು ಕುದಿಸಬೇಡಿ. ಹಾಲು ಚೆನ್ನಾಗಿ ಕಾಯಲಿ, ಡಿಕಾಕ್ಷನ್ ಹಾಗೇ ಇರಲಿ.

ವಾಪಸ್ ಬರುವಾಗ ಗ್ರೈಂಡರನ್ನು ಅಮ್ಮನ ಹತ್ತಿರವೇ ಬಿಟ್ಟು ಬಂದೆ. ಇಲ್ಲಿಗೆ ಇನ್ನೊಂದು ತಗೊಂಡೆ. ಈಗ ದಿನಾ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅವಳದು ಒಂದು ವಾಯ್ಸ್ ಮೆಸೇಜ್ ಬಂದಿರುತ್ತದೆ, ಹಿಂದೆ ಕುಕ್ಕರ್ ಸೀಟಿ ಕೇಳಿಸುತ್ತಿರುತ್ತದೆ. ಇವತ್ತಿನದು ಹೀಗಿತ್ತು: ‘ಹೊಸ ಬೀಜ ತಂದೀನಿ, ಶನಿವಾರ ಹುರಿದಿದ್ದಂತೆ. ಮೊದಲಿನಷ್ಟೇ ತಿರುಗಿಸಿದೆ, ಆದ್ರೂ ಭಾಳ ಬೇಗ ಇಳಿದುಬಿಡ್ತು. ಉಬ್ಬಿದ್ದು ಮಾತ್ರ ಚೆನ್ನಾಗಿ ಉಬ್ತು. ಏನ್ ಮಾಡ್ಲಿ?’

ಎರಡು ಗೆರೆ ಸಣ್ಣಕ್ಕೆ ತಿರುಗಿಸು, ನಾಳೆ ನೋಡಿ ಹೇಳು ಅಂತ ಕಳಿಸಿದ್ದೇನೆ.