ಸಿಫಾನ್ ಹಸನ್ ನೋಡಿ ಕುಕ್ಕರಹಳ್ಳಿಗೆ

ಬೆಳಗ್ಗೆ ಎದ್ದು ಶೂ ಹಾಕಿಕೊಳ್ಳುವುದೇ ನನಗೆ ದೊಡ್ಡ ಕೆಲಸ. ಓಟ ಆಮೇಲಿನ ಮಾತು. ಅದಕ್ಕೇ ಕಾಫಿ ಕುಡಿಯುತ್ತಾ ಯೂಟ್ಯೂಬಿನಲ್ಲಿ ಯಾವುದಾದರೂ ಹಳೇ ರೇಸ್ ಹಾಕಿಕೊಳ್ಳುತ್ತೇನೆ.

ಜಾಸ್ತಿ ನೋಡುವುದು 2024ರ ಪ್ಯಾರಿಸ್ ಒಲಿಂಪಿಕ್ಸಿನ ಮಹಿಳಾ ಮ್ಯಾರಥಾನ್. ನೆದರ್ಲೆಂಡ್ಸಿನ ಸಿಫಾನ್ ಹಸನ್ ಅದೇ ವಾರ 5,000 ಮೀಟರ್, 10,000 ಮೀಟರ್ ಎರಡರಲ್ಲೂ ಕಂಚು ಗೆದ್ದಿದ್ದರು. 10,000 ಮೀಟರ್ ಓಡಿ ಎರಡು ದಿನವೂ ತುಂಬಿರಲಿಲ್ಲ, ಮ್ಯಾರಥಾನಿಗೆ ಬಂದು ನಿಂತರು! ಇಥಿಯೋಪಿಯಾದ ಟಿಗಿಸ್ಟ್ ಅಸೆಫಾಗಿಂತ ಬರೀ 3 ಸೆಕೆಂಡ್ ಮುಂದೆ, 2:22:55ಕ್ಕೆ ಚಿನ್ನ. ಎಲ್ಲರೂ ಆ ಕೊನೆಯ ಭುಜದ ನೂಕಾಟವನ್ನೇ ಮತ್ತೆ ಮತ್ತೆ ತೋರಿಸುತ್ತಾರೆ. ನನಗೆ ಇಷ್ಟ ನಡುವಿನ ಭಾಗ. ಗುಂಪಿನ ಹಿಂದೆ ಸುಮ್ನೆ ಓಡುತ್ತಿರುತ್ತಾರೆ, ಯಾವ ಆತುರವೂ ಇಲ್ಲ. ಅದನ್ನು ನೋಡಿದರೆ ನಾನು ಮೈಸೂರಿನ ಕುಕ್ಕರಹಳ್ಳಿ ಕೆರೆಯ ಮೊದಲ ಸುತ್ತನ್ನು ನಿಧಾನಕ್ಕೆ ಓಡುತ್ತೇನೆ, ಏದುಸಿರು ಬರುವುದಿಲ್ಲ.

ಕೀನ್ಯಾದ ಮ್ಯಾರಥಾನ್ ಓಟಗಾರ ಎಲಿಯುಡ್ ಕಿಪ್ಚೋಗೆ ಕಥೆ ಬೇರೆ. 2019ರಲ್ಲಿ ವಿಯೆನ್ನಾದಲ್ಲಿ ಇಡೀ ಮ್ಯಾರಥಾನ್ ದೂರ 1:59:40ಕ್ಕೆ. ಅಂದರೆ ಕಿಲೋಮೀಟರಿಗೆ ಸುಮಾರು 2 ನಿಮಿಷ 50 ಸೆಕೆಂಡ್. ವೇಗ ಕಾಯಲು ಜೊತೆಗೆ ಓಡುವವರು (ಪೇಸರ್‌ಗಳು) ಸರದಿಯಲ್ಲಿ ಬದಲಾಗುತ್ತಿದ್ದರು, ಹಾಗಾಗಿ ಅದು ಅಧಿಕೃತ ದಾಖಲೆಯಲ್ಲ. ಇರಲಿ ಬಿಡಿ. ನಾನು ಒಂದು ಕಿಲೋಮೀಟರ್ ಮುಗಿಸುವಷ್ಟರಲ್ಲಿ ಅವರು ಹೆಚ್ಚುಕಡಿಮೆ ಮೂರು ಮುಗಿಸಿರುತ್ತಾರೆ. ಈ ವೇಗ ನನಗೆ ಯಾವ ಪಾಠಕ್ಕೂ ಬರುವುದಿಲ್ಲ. ಕದ್ದಿರುವುದು ಅವರ ನಗು ಮಾತ್ರ. ಸುಸ್ತಾದಾಗ ನಕ್ಕರೆ ಮೈ ಸಡಿಲವಾಗುತ್ತದೆ ಅನ್ನುತ್ತಾರೆ ಅವರು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಾನೂ ನಗುತ್ತೇನೆ. ಎದುರು ವಾಕಿಂಗ್ ಬರುವ ಹಿರಿಯರೊಬ್ಬರು ನನ್ನನ್ನು ಪರಿಚಯದವಳೆಂದುಕೊಂಡು ಈಗ ದಿನಾ “ಏನಮ್ಮಾ, ತಿಂಡಿ ಆಯ್ತಾ?” ಅಂತಾರೆ.