ಕಾಲಿಗೆ ಕಟ್ಟುವ ಹಗ್ಗದ ಹಿಡಿ: ಜಾರೋದು ನಿಂತಿತು!

ನೇತಾಡುವ ಹಗ್ಗ ಹತ್ತೋಕೆ ಪಾದಕ್ಕೆ ಕಟ್ಟಿಕೊಳ್ಳುವ ಹಿಡಿಯೊಂದನ್ನು ಮಾಡ್ತಿದ್ದೀನಿ. ಕಾಲೆತ್ತಿದರೆ ಅದು ಹಗ್ಗದ ಮೇಲೆ ಸಲೀಸಾಗಿ ಮೇಲೇರಬೇಕು, ತುಳಿದರೆ ಕಚ್ಚಿ ನಿಲ್ಲಬೇಕು. ಕೊನೆಗೂ ಹಿಡಿಯಿತು! 11 ಮಿಮೀ ಹೊಸ ಹಗ್ಗ, 9 ಮಿಮೀ ಹಳೇ ಹಗ್ಗ, ಎರಡರ ಮೇಲೂ ಇಡೀ ಮೈಭಾರ ಹಾಕಿ ನಿಂತೆ. ಪಾದ ಕೂದಲೆಳೆಯಷ್ಟೂ ಕೆಳಗಿಳಿಯಲಿಲ್ಲ. ಪ್ಲೇಟು, ಪಟ್ಟಿ, ಬಕಲ್ ಎಲ್ಲ ಹೋದ ಸಲದವೇ. ಇಷ್ಟು ದಿನ ತಲೆ ತಿಂದದ್ದು ಕ್ಯಾಮ್ ಒಂದೇ, ಅಂದರೆ ಪಿನ್ನಿನ ಮೇಲೆ ತಿರುಗಿ ಹಗ್ಗವನ್ನು ಪ್ಲೇಟಿಗೆ ಒತ್ತಿ ಹಿಡಿಯುವ ತುಂಡು.

ಹಳೇ ಕ್ಯಾಮ್ ಗುಂಡಗಿತ್ತು, ಪಿನ್ ಮಾತ್ರ ನಡುವಿನಿಂದ ಸ್ವಲ್ಪ ಪಕ್ಕಕ್ಕೆ. ಮಾಡೋಕೆ ಸುಲಭ, ಆದರೆ ಅದರ ಕಾಟ ವಿಚಿತ್ರ. ದಪ್ಪ ಹಗ್ಗ ಹಾಕಿದರೆ ಜಾರುತ್ತಿತ್ತು. ಸಣ್ಣ ಹಗ್ಗ ಹಾಕಿದರೆ ಕಚ್ಚಿಕೊಂಡು ಬಿಡುತ್ತಲೇ ಇರಲಿಲ್ಲ. ಇನ್ನೂ ಜೋರಾಗಿ ತುಳಿದರೆ ಆ ಕಡೆಗೆ ಮಗುಚಿಕೊಳ್ಳುತ್ತಿತ್ತು. ಹಲ್ಲು ಚೂಪು ಮಾಡಿದೆ, ಹಗ್ಗದ ಹೊರಹೆಣಿಗೆ ಕಿತ್ತು ಬಂತು. ಗಟ್ಟಿ ಸ್ಪ್ರಿಂಗ್ ಹಾಕಿದೆ, ಕಾಲೆತ್ತಿದರೆ ಹಗ್ಗವೂ ಜೊತೆಗೇ ಎದ್ದು ಬಂತು. ಶುರುವಿನಲ್ಲಿ ಕೆಳಗಡೆ ಹಗ್ಗದ ತೂಕವೇ ಇರೋದಿಲ್ಲ ಅಲ್ವಾ?

ಕಾಗದದ ಮೇಲೆ ಗೆರೆ ಎಳೆದಾಗ ಗುಟ್ಟು ಸಿಕ್ಕಿತು. ಕ್ಯಾಮ್ ಹಗ್ಗಕ್ಕೆ ತಾಗುವ ಜಾಗದಿಂದ ಪಿನ್ನಿಗೆ ಒಂದು ಗೆರೆ, ಅದೇ ಜಾಗದಿಂದ ಹಗ್ಗಕ್ಕೆ ಲಂಬವಾಗಿ ಇನ್ನೊಂದು. ಇವೆರಡರ ನಡುವಿನ ಕೋನದ್ದೇ ಎಲ್ಲ ಆಟ. ಅದರ ಟ್ಯಾನ್ ಬೆಲೆ (ಕೋನ ದೊಡ್ಡದಾದಂತೆ ಬೆಳೆಯುವ ತ್ರಿಕೋನಮಿತಿಯ ಸಂಖ್ಯೆ) ಘರ್ಷಣಾ ಗುಣಾಂಕಕ್ಕಿಂತ (ಎರಡು ಮೇಲ್ಮೈಗಳ ನಡುವೆ ಉಜ್ಜಾಟದ ಹಿಡಿತ ಎಷ್ಟು ಅನ್ನೋ ಸಂಖ್ಯೆ) ಕಡಿಮೆ ಇದ್ದರೆ ತುಳಿದಷ್ಟೂ ಬಿಗಿ. ಜಾಸ್ತಿಯಾದರೆ ಜಾರಿತು ಅಂತಲೇ ಲೆಕ್ಕ. ಗುಂಡು ಕ್ಯಾಮ್ ತಿರುಗಿದಂತೆಲ್ಲ ಈ ಕೋನ ಬದಲಾಗುತ್ತದೆ. ದಪ್ಪ ಹಗ್ಗಕ್ಕೆ ಕೋನ ದೊಡ್ಡದಾಗಿತ್ತು. ಸಣ್ಣ ಹಗ್ಗಕ್ಕೆ ಕ್ಯಾಮ್ ಜಾಸ್ತಿ ತಿರುಗಿ ಕೋನ ಸೊನ್ನೆಯ ಹತ್ತಿರ ಬರುತ್ತಿತ್ತು, ಹಿಂಡುವ ಬಲ ವಿಪರೀತವಾಗುತ್ತಿತ್ತು. ಸೊನ್ನೆ ದಾಟಿತೋ, ಮಗುಚಿತು.

ಬೇಕಾಗಿದ್ದು ಎಷ್ಟು ತಿರುಗಿದರೂ ಕೋನ ಬದಲಾಗದ ಆಕಾರ. ಅದು ಲಾಗರಿದಮಿಕ್ ಸ್ಪೈರಲ್, ಸುತ್ತುತ್ತಾ ಒಂದೇ ಅನುಪಾತದಲ್ಲಿ ಅಗಲವಾಗುವ ಸುರುಳಿ ಗೆರೆ. ಬಂಡೆಯ ಬಿರುಕಿಗೆ ಸಿಕ್ಕಿಸಲು ಅಮೆರಿಕದ ಬಂಡೆ ಹತ್ತುಗ ರೇ ಜಾರ್ಡಿನ್ 1970ರ ದಶಕದಲ್ಲಿ ಮಾಡಿದ ಫ್ರೆಂಡ್ಸ್ ಎಂಬ ಕ್ಯಾಮ್‌ಗಳ ತಿರುಳೂ ಇದೇ. ನಾನು 12 ಡಿಗ್ರಿ ಇಟ್ಟೆ, ಟ್ಯಾನ್ 0.21. ಇನ್ನೂ ಇಳಿಸಿದರೆ ಹಗ್ಗಕ್ಕೆ ಹಿಂಸೆ, ಬಿಡಿಸೋದೂ ಕಷ್ಟ. ಹಗ್ಗ 11ರಿಂದ 9 ಮಿಮೀಗೆ ಇಳಿದರೆ ಕ್ಯಾಮ್ 2 ಮಿಮೀ ಮುಂದೆ ಬರಬೇಕು. ತ್ರಿಜ್ಯ 20 ಮಿಮೀಯಿಂದ 22ಕ್ಕೆ ಬೆಳೆಯಲು ಸುಮಾರು 26 ಡಿಗ್ರಿ ತಿರುಗಿದರೆ ಸಾಕು. ಚೂಪು ಹಲ್ಲಿನ ಬದಲು ಅಡ್ಡಡ್ಡ ಸಣ್ಣ ಗೀರು ಹಾಕಿದೆ. ಹಗ್ಗ ಈಗ ನುಣ್ಣಗೇ ಉಳಿದಿದೆ, ಅದೇ ನನಗೆ ದೊಡ್ಡ ಖುಷಿ.

ಕ್ಯಾಮ್ ಕತ್ತರಿಸಿ ಕೊಟ್ಟವರ ಮೇಲೆ ಮಾತ್ರ ಕೋಪ ಇಳಿದಿಲ್ಲ. ಚಂದದ ಸ್ಪೈರಲ್ ಗೆರೆ ಕಳಿಸಿದರೆ ಅದನ್ನು ತುಂಡು ತುಂಡು ನೇರ ಗೆರೆ ಮಾಡಿ ಕತ್ತರಿಸಿದ್ದಾರೆ. ಪ್ರತಿ ಮೂಲೆಯಲ್ಲೂ ಕೋನ ಎಗರುತ್ತದೆ, ಹಿಡಿತ ಟಕ್ ಟಕ್ ಅಂತ ಬಿಡುತ್ತದೆ. ಅರ ಮತ್ತು ಎಮರಿ ಪೇಪರ್ ಹಿಡಿದು ಕೂತು ಸರಿಮಾಡಬೇಕಾಯಿತು. ಸ್ಪ್ರಿಂಗ್ ಮಾರಿದವರದ್ದು ಇನ್ನೊಂದು ಕಥೆ. ಎಡಗಾಲಿಗೆ ಎಡಸುತ್ತಿನದು ಬೇಕು ಅಂತ ಬರೆದು, ಚಿತ್ರ ಬಿಡಿಸಿ ಕೊಟ್ಟರೂ ಎರಡೂ ಬಲಸುತ್ತಿನವೇ ಬಂದವು.

ಈ ಲೆಕ್ಕದ ನಡುವೆಯೇ ಮುಂದಿನ ಕೆಲಸವೂ ತಲೆಗೆ ಹೊಕ್ಕಿದೆ. ಭಾರ ಎಳೆಯೋಕೆ ಮುಂಗೈಗೆ ಕಟ್ಟುವ ಪುಟ್ಟ ಡ್ರಮ್! ಕ್ಯಾಮೂ ಬೇಡ, ಹಲ್ಲೂ ಬೇಡ. ಘರ್ಷಣಾ ಗುಣಾಂಕ ಬರೀ 0.2 ಅಂತ ಹಿಡಿದರೂ, ಹಗ್ಗ ಒಂದು ಸುತ್ತು ಸುತ್ತಿದರೆ 1 ಕೆಜಿ ಎಳೆತ ಮೂರೂವರೆ ಕೆಜಿಯನ್ನು ತಡೆಯುತ್ತದೆ. ಎರಡು ಸುತ್ತಿಗೆ 12 ಕೆಜಿ. ಮುಂಗೈ ನೋಯದ ಹಾಗೆ ಪಟ್ಟಿ ಎಲ್ಲಿ ಕಟ್ಟೋದು ಅನ್ನೋದೇ ಯೋಚನೆ.

ಅದಕ್ಕೂ ಮೊದಲು ಒದ್ದೆ ಹಗ್ಗದ ಪರೀಕ್ಷೆ ಬಾಕಿ ಇದೆ. ಮೊಣಕಾಲೆತ್ತರದಲ್ಲೇ ಮಾಡ್ತೀನಿ. ಈ ಹಿಡಿ ಹತ್ತೋಕೆ ಮಾತ್ರ, ಜೀವ ಕಾಯುವ ಕೆಲಸಕ್ಕೆ ಸೊಂಟದ ಬೆಲ್ಟಿಗೆ ಬೇರೆಯದೇ ಹಿಡಿ ಇರಬೇಕು. ಸರಿಯಾದ ಎಡಸುತ್ತಿನ ಸ್ಪ್ರಿಂಗ್ ಬಂದ ದಿನ ಎಡಗಾಲಿನದ್ದನ್ನೂ ಜೋಡಿಸ್ತೀನಿ.